ಮೈಮೇಲೆ ಒಂದು ಬಾಕ್ಸ್ ಟೊಮೆಟೊ: ಮುದ್ದೆ ಬಿಡಬೇಕಾ, ಅನ್ನ ಬಿಡಬೇಕಾ?

ಮಂಡಿ ರೈಟರ್, ಕೋಲಾರ
ಜೂನ್ 2

ಎಲ್ಲರಿಗೂ ನಮಸ್ಕಾರ. ನಾನು ಕೋಲಾರದ ಎಪಿಎಂಸಿಯಲ್ಲಿ ಒಂದು ಟೊಮೆಟೊ ಮಂಡಿಯ ಲೆಕ್ಕ ಬರೆಯುತ್ತೇನೆ. ವಯಸ್ಸು 41, ಎತ್ತರ 5 ಅಡಿ 6 ಇಂಚು. ಹನ್ನೆರಡು ವರ್ಷದ ಹಿಂದೆ ಕೆಲಸಕ್ಕೆ ಸೇರಿದಾಗ 68 ಕೆಜಿ ಇದ್ದೆ. ಹೋದ ವಾರ ನೋಡಿದರೆ 83. ನಮ್ಮ ಮಂಡಿಯ ಒಂದು ಬಾಕ್ಸ್ ಟೊಮೆಟೊ ಸರಿಯಾಗಿ 15 ಕೆಜಿ. ಅಂದರೆ ದಿನವಿಡೀ ಒಂದು ಬಾಕ್ಸ್ ಹೊತ್ತುಕೊಂಡೇ ಓಡಾಡುತ್ತಿದ್ದೇನೆ. ಹಮಾಲರಿಗಾದರೂ ಕೂಲಿ ಸಿಗುತ್ತದೆ, ನನಗೆ ಅದೂ ಇಲ್ಲ.

ಗೊತ್ತಾಗಿದ್ದು ತಕ್ಕಡಿಯಿಂದ ಅಲ್ಲ, ಉಡುದಾರದಿಂದ. ಸ್ನಾನ ಮಾಡುವಾಗ ನೋಡಿದರೆ ಸೊಂಟದ ಸುತ್ತ ಕೆಂಪಗೆ ಗೆರೆ ಬಿದ್ದಿತ್ತು. ಹೆಂಡತಿ ಕತ್ತರಿಯಲ್ಲಿ ಕತ್ತರಿಸಿ ಹೊಸದು ಕಟ್ಟಿದಳು. ಆರು ತಿಂಗಳಲ್ಲಿ ಎರಡನೇ ಸಲ. ಆಮೇಲೆ ಡಾಕ್ಟರ ಹತ್ತಿರ ಹೋದೆ. ಖಾಲಿ ಹೊಟ್ಟೆಯ ಸಕ್ಕರೆ 112. "ಇನ್ನೂ ಕಾಯಿಲೆ ಅಲ್ಲ, ಬಾಗಿಲಲ್ಲಿ ನಿಂತಿದ್ದೀರಿ" ಅಂದರು. ಅಲ್ಲೇ ಒಂದು ಪ್ರಿಂಟ್ ಮಾಡಿದ ಹಾಳೆ ಕೊಟ್ಟರು. ಬೆಳಿಗ್ಗೆ ಓಟ್ಸ್, ಮಧ್ಯಾಹ್ನ ಬ್ರೊಕೊಲಿ, ಸಂಜೆ ಬಾದಾಮಿ ಹಾಲು. ಹೆಂಡತಿ ಓದಿ ನಕ್ಕು ಫ್ರಿಜ್ ಮೇಲೆ ಇಟ್ಟಳು. ಈಗ ಅದರ ಮೇಲೆ ಮೊಟ್ಟೆ ಟ್ರೇ ಇದೆ.

ನನ್ನ ದಿನ ಹೀಗಿದೆ. ಐದಕ್ಕೆ ಏಳುತ್ತೇನೆ. ಹರಾಜು ಮುಗಿಯುವ ತನಕ ಕುರ್ಚಿ ಬಿಟ್ಟು ಏಳುವ ಹಾಗಿಲ್ಲ. ಹತ್ತೂವರೆಗೆ ಹೋಟೆಲಿನಲ್ಲಿ ಪೂರಿಯೋ ಚಿತ್ರಾನ್ನವೋ. ಎರಡೂವರೆಗೆ ಮನೆಯಲ್ಲಿ ಮುದ್ದೆ, ಸಾರು, ಮೇಲೆ ಅನ್ನ, ಮಜ್ಜಿಗೆ. ರಾತ್ರಿ ಹತ್ತರ ಹತ್ತಿರ ಮತ್ತೆ ಅನ್ನ ಸಾರು. ತಿಂದ ಹದಿನೈದು ನಿಮಿಷಕ್ಕೆ ನಿದ್ದೆ.

ಒಬ್ಬರು ಮುದ್ದೆ ಬಿಡು ಅನ್ನುತ್ತಾರೆ, ಇನ್ನೊಬ್ಬರು ಅನ್ನ ಬಿಡು ಅನ್ನುತ್ತಾರೆ, ಭಾವಮೈದ ರಾತ್ರಿ ಊಟವೇ ಬಿಡು ಅನ್ನುತ್ತಾನೆ. ಜೀವಮಾನವೆಲ್ಲ ಮಾಡಬಹುದಾದ್ದು ಏನಾದರೂ ಇದ್ದರೆ ಹೇಳಿ. ಓಟ್ಸ್ ನನ್ನ ಕೈಲಿ ಆಗಲ್ಲ.

ಮುಳಬಾಗಿಲು ದೋಸೆ
ಜೂನ್ 2

ಅಣ್ಣ, ಎಲ್ಲಾನೂ ಬಿಟ್ಟು ನೋಡಿದವನು ನಾನು. ಎರಡು ವರ್ಷದ ಹಿಂದೆ ಮದುವೆಗೆ ಮುಂಚೆ ತೂಕ ಇಳಿಸಬೇಕು ಅಂತ ಒಂದು ತಿಂಗಳು ಬೆಳಿಗ್ಗೆ ನಿಂಬೆಹಣ್ಣು ಜೇನುತುಪ್ಪ, ಮಧ್ಯಾಹ್ನ ಸೌತೆಕಾಯಿ, ರಾತ್ರಿ ಏನೂ ಇಲ್ಲ. 6 ಕೆಜಿ ಇಳಿದೆ. ಫೋಟೊದಲ್ಲಿ ಚೆನ್ನಾಗಿ ಬಂದಿದ್ದೇನೆ, ಸುಳ್ಳು ಹೇಳಲ್ಲ. ಆದರೆ ಬೀಗರೂಟದ ದಿನ ಕೂತವನು ಏಳಲೇ ಇಲ್ಲ. ನಾಲ್ಕು ತಿಂಗಳಲ್ಲಿ 8 ಕೆಜಿ ವಾಪಸ್ ಬಂತು. ಅಸಲು 6, ಬಡ್ಡಿ 2.

ಕೋಲಾರ್ ಕಟ್ಟೆ
ಜೂನ್ 2

ಇದರಲ್ಲಿ ಯೋಚನೆ ಮಾಡುವುದು ಏನಿದೆ? ಅನ್ನ ಬಿಟ್ಟು ಎರಡು ಹೊತ್ತೂ ಮುದ್ದೆ ತಿನ್ನಿ. ಹಿಟ್ಟಂ ತಿಂದವ ಬೆಟ್ಟಮಂ ಕಿತ್ತಿಟ್ಟಂ ಅಂತ ಹಿರಿಯರು ಸುಮ್ನೆ ಹೇಳಿದರಾ? ನಮ್ಮ ತಾತ ಹೊತ್ತಿಗೆ ಎರಡು ಮುದ್ದೆ ತಿಂದು 84 ವರ್ಷ ಬದುಕಿದರು. ಹೊಟ್ಟೆ ಅನ್ನುವುದೇ ಇರಲಿಲ್ಲ.

ಬಂಗಾರಪೇಟೆ ಅಕ್ಕ
ಜೂನ್ 2

ನಿಮ್ಮ ತಾತ ಮುದ್ದೆ ತಿಂದು ಎಲ್ಲಿಗೆ ಹೋಗುತ್ತಿದ್ದರು ಕಟ್ಟೆಯವರೇ? ಕಪಿಲೆ ಹೊಡೆಯುವುದಕ್ಕೋ, ನೇಗಿಲು ಹಿಡಿಯುವುದಕ್ಕೋ. ಬೆಟ್ಟ ಕೀಳುವವರಿಗೆ ಹೇಳಿದ ಮಾತು ಅದು. ನಮ್ಮ ರೈಟರು ಎತ್ತುವುದು ಪೆನ್ನು.

ಆಸ್ಪತ್ರೆ ಡಯಟಿಷಿಯನ್
ಜೂನ್ 3

ಅಕ್ಕ ಹೇಳಿದ್ದು ನಿಜ. ನಾನು ಈ ಜಿಲ್ಲೆಯಲ್ಲೇ ಡಯಟಿಷಿಯನ್. ದಿನಕ್ಕೆ ಹತ್ತು ಜನರಾದರೂ ಇದನ್ನೇ ಕೇಳುತ್ತಾರೆ. ಅದಕ್ಕೆ ಸ್ವಲ್ಪ ಉದ್ದ ಬರೆಯುತ್ತೇನೆ.

100 ಗ್ರಾಂ ರಾಗಿ ಹಿಟ್ಟಿನಲ್ಲಿ ಸುಮಾರು 320 ಕ್ಯಾಲರಿ. 100 ಗ್ರಾಂ ಅಕ್ಕಿಯಲ್ಲಿ ಸುಮಾರು 350. ತೂಕದ ಲೆಕ್ಕದಲ್ಲಿ ಎರಡೂ ಅಣ್ಣ ತಮ್ಮ. ಸಿರಿಧಾನ್ಯವೂ ಹೆಚ್ಚು ಕಡಿಮೆ ಅಷ್ಟೇ. 2023 ಸಿರಿಧಾನ್ಯ ವರ್ಷ ಅಂತ ಆದಾಗ ನನ್ನ ಹತ್ತಿರ ಬಂದ ಒಬ್ಬರು ನವಣೆ ಅನ್ನವನ್ನು ಎಷ್ಟು ಬೇಕಾದರೂ ತಿನ್ನಬಹುದು ಅಂದುಕೊಂಡು ಮೂರು ಕೆಜಿ ಏರಿದ್ದರು. ರಾಗಿಯ ಹೆಚ್ಚುಗಾರಿಕೆ ಬೇರೆ ಕಡೆ ಇದೆ. ನಾರಿನ ಅಂಶ 100 ಗ್ರಾಮಿಗೆ ಸುಮಾರು 11 ಗ್ರಾಂ, ಪಾಲಿಶ್ ಅಕ್ಕಿಯಲ್ಲಿ ಮೂರರ ಒಳಗೆ. ಕ್ಯಾಲ್ಸಿಯಂ 350 ಮಿಲಿಗ್ರಾಂ ಮೇಲಿದೆ, ಅಕ್ಕಿಯಲ್ಲಿ ಹತ್ತೂ ಇಲ್ಲ. ಹಾಗಾಗಿ ಮುದ್ದೆ ಬಿಡಬೇಡಿ. ಆದರೆ ಮುದ್ದೆ ತಿಂದ ಮೇಲೆ ಅದೇ ತಟ್ಟೆಗೆ ಅಷ್ಟೇ ಅನ್ನ ಬಡಿಸಿಕೊಂಡರೆ ಅದು ಎರಡು ಊಟ.

ರೈಟರಣ್ಣ, ನಿಮ್ಮ ಎತ್ತರಕ್ಕೆ 83 ಕೆಜಿ ಅಂದರೆ ಬಿಎಂಐ 29ರ ಮೇಲೆ. ಕೆಜಿಯನ್ನು ಮೀಟರಿನ ಎತ್ತರದಿಂದ ಎರಡು ಸಲ ಭಾಗಿಸಿದರೆ ಬರುವ ಸಂಖ್ಯೆ ಅದು. ನಮ್ಮ ದೇಶದವರಿಗೆ 23 ದಾಟಿದರೆ ತೂಕ ಜಾಸ್ತಿ, 25 ದಾಟಿದರೆ ಬೊಜ್ಜು ಅಂತ ಲೆಕ್ಕ. ಬೇರೆ ದೇಶದವರಿಗಿಂತ ನಮಗೆ ಗೆರೆ ಕೆಳಗೆ ಹಾಕಿದ್ದಾರೆ, ಯಾಕಂದರೆ ನಮಗೆ ಕೊಬ್ಬು ಹೊಟ್ಟೆಯಲ್ಲೇ ಕೂರುತ್ತದೆ, ಸಕ್ಕರೆ ಕಾಯಿಲೆ ಬೇಗ ಬರುತ್ತದೆ. ಸೊಂಟದ ಸುತ್ತಳತೆ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ದಾಟಬಾರದು. ನಿಮ್ಮ ಉಡುದಾರ ತಪ್ಪು ಹೇಳಿಲ್ಲ.

68ಕ್ಕೆ ಹೋಗಬೇಕು ಅಂತ ಈಗಲೇ ಹೊರಡಬೇಡಿ. ಮೊದಲು ನೂರಕ್ಕೆ ಐದು, ಅಂದರೆ ನಿಮಗೆ 4 ಕೆಜಿ. ಅಷ್ಟಕ್ಕೇ ಸಕ್ಕರೆ, ಬಿಪಿ ಎರಡೂ ಸುಧಾರಿಸುವುದನ್ನು ದಿನಾ ನೋಡುತ್ತೇನೆ. ವಾರಕ್ಕೆ ಅರ್ಧ ಕೆಜಿಗಿಂತ ಜಾಸ್ತಿ ಓಡಬೇಡಿ. ದಿನಕ್ಕೆ 1000 ಕ್ಯಾಲರಿಗಿಂತ ಕೆಳಗೆ ಯಾರೂ ತಾವೇ ಇಳಿಯಬಾರದು ಅಂತ ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆ ಹೇಳುತ್ತದೆ. ದೋಸೆಯವರ ನಿಂಬೆಹಣ್ಣಿನ ತಿಂಗಳು ಎಲ್ಲಿಗೆ ಇಳಿದಿತ್ತೋ ದೇವರಿಗೇ ಗೊತ್ತು. ಹಾಗೆ ಇಳಿದಾಗ ಕೊಬ್ಬಿನ ಜೊತೆ ಮಾಂಸಖಂಡವೂ ಹೋಗುತ್ತದೆ. ವಾಪಸ್ ಬರುವುದು ಹೆಚ್ಚಾಗಿ ಕೊಬ್ಬೇ.

ಈಗ ನನ್ನ ಪ್ರಶ್ನೆ. ನೀವು ಊಟ ಎಲ್ಲ ಬರೆದಿರಿ. ಮಂಡಿಯಲ್ಲಿ ಟೀ ಎಷ್ಟು ಕುಡಿಯುತ್ತೀರಿ ಅಂತ ಬರೆಯಲೇ ಇಲ್ಲ. ಮುದ್ದೆ ಎಷ್ಟು ದಪ್ಪ ಅಂತಲೂ ಬರೆಯಲಿಲ್ಲ.

ಮಂಡಿ ರೈಟರ್, ಕೋಲಾರ
ಜೂನ್ 5

ಮೇಡಂ, ಸಿಕ್ಕಿಹಾಕಿಸಿದಿರಿ. ಟೀ ಲೆಕ್ಕ ನನಗೇ ಗೊತ್ತಿರಲಿಲ್ಲ. ನಿನ್ನೆ ಲೆಕ್ಕದ ಪುಸ್ತಕದ ಮೂಲೆಯಲ್ಲಿ ಒಂದೊಂದು ಲೋಟಕ್ಕೆ ಒಂದೊಂದು ಗೀಟು ಹಾಕಿದೆ. ಮನೆಯದೂ ಸೇರಿ ಎಂಟು. ಟೀ ತಾತ ಕ್ಯಾನ್ ಹಿಡಿದು ಬಂದರೆ ಕೈ ತಾನೇ ಮುಂದೆ ಹೋಗುತ್ತದೆ. ರೈತರು ಬಂದರೆ ಅವರ ಜೊತೆ ಒಂದು, ವ್ಯಾಪಾರಿ ಬಂದರೆ ಇನ್ನೊಂದು. ಬೇಡ ಅಂದರೆ ಬೇಜಾರು ಮಾಡಿಕೊಳ್ಳುತ್ತಾರೆ.

ಮುದ್ದೆಯದು ಇನ್ನೂ ತಮಾಷೆ. ಮನೆಯಲ್ಲಿ ತಕ್ಕಡಿ ಇಲ್ಲ. ಬೆಳಿಗ್ಗೆ ಹೆಂಡತಿಗೆ ಬೇಗ ಮುದ್ದೆ ಕಟ್ಟಿಸಿ, ಡಬ್ಬಿಗೆ ಹಾಕಿಕೊಂಡು ಹೋಗಿ ಮಂಡಿಯ ಎಲೆಕ್ಟ್ರಾನಿಕ್ ತಕ್ಕಡಿ ಮೇಲೆ ಇಟ್ಟೆ. ಹಮಾಲರೆಲ್ಲ ಸುತ್ತ ನಿಂತರು. 460 ಗ್ರಾಂ! "ಎಷ್ಟಕ್ಕೆ ಕೂಗಣ ಅಣ್ಣಾ?" ಅಂತ ಒಬ್ಬ ಹರಾಜು ಶುರು ಮಾಡಿದ.

ಇದು ಒಂದು ಮುದ್ದೆ. ಮೇಲೆ ಅನ್ನ ಬೇರೆ.

ಆಸ್ಪತ್ರೆ ಡಯಟಿಷಿಯನ್
ಜೂನ್ 5

ಹರಾಜಿಗೆ ನಾನೂ ಬರಬೇಕಿತ್ತು.

ಒಂದು ಪಾಲು ಹಿಟ್ಟಿಗೆ ಎರಡು ಪಾಲು ನೀರು ಅಂದುಕೊಂಡರೆ 460 ಗ್ರಾಂ ಮುದ್ದೆಯಲ್ಲಿ ಹಿಟ್ಟು ಹತ್ತಿರ ಹತ್ತಿರ 150 ಗ್ರಾಂ. ಸುಮಾರು 480 ಕ್ಯಾಲರಿ. ಅದನ್ನು 300 ಗ್ರಾಮಿಗೆ ಇಳಿಸಿದರೆ 160 ಉಳಿಯಿತು. ನೀವು ಮುದ್ದೆ ಬಿಟ್ಟ ಹಾಗೂ ಆಗಲಿಲ್ಲ.

ಟೀ ಲೆಕ್ಕ ಇದಕ್ಕಿಂತ ಜೋರು. ಲೋಟಕ್ಕೆ ಎರಡು ಚಮಚ ಸಕ್ಕರೆ ಅಂದರೆ 10 ಗ್ರಾಂ. ಎಂಟು ಲೋಟಕ್ಕೆ 80 ಗ್ರಾಂ. ಗ್ರಾಮಿಗೆ 4 ಕ್ಯಾಲರಿ ಹಿಡಿದರೆ 320. ಒಂದು ಮುದ್ದೆಯ ಮೂರರಲ್ಲಿ ಎರಡು ಪಾಲನ್ನು ದಿನಾ ಕುಡಿಯುತ್ತಿದ್ದೀರಿ, ಹೊಟ್ಟೆಗೆ ಗೊತ್ತೇ ಆಗದ ಹಾಗೆ. ಹಾಲು ಬೇರೆ. ಮೇಲಿಂದ ಹಾಕುವ ಸಕ್ಕರೆ ದಿನಕ್ಕೆ 25 ಗ್ರಾಂ ಒಳಗಿದ್ದರೆ ಒಳ್ಳೆಯದು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು. ಅಂದರೆ ಐದಾರು ಚಮಚ.

ಮೈಯ ಒಂದು ಕೆಜಿ ಕೊಬ್ಬಿಗೆ ಸುಮಾರು 7700 ಕ್ಯಾಲರಿ ಅಂತ ಹಿಡಿಯುತ್ತೇವೆ. ದಿನಕ್ಕೆ 300 ಕಡಿಮೆ ಮಾಡಿದರೆ 25, 26 ದಿನಕ್ಕೆ ಒಂದು ಕೆಜಿ. ಮೈ ಅಷ್ಟು ಸರಿಯಾಗಿ ಲೆಕ್ಕ ಪಾಲಿಸಲ್ಲ, ಮಧ್ಯೆ ಮಧ್ಯೆ ನಿಂತುಬಿಡುತ್ತದೆ. ಆದರೂ ದಾರಿ ಇದೇ.

ಬಂಗಾರಪೇಟೆ ಅಕ್ಕ
ಜೂನ್ 6

ನನ್ನ ಮನೆಯ ಎಣ್ಣೆ ಕಥೆ ಹೇಳುತ್ತೇನೆ ಕೇಳಿ. ನಾವು ನಾಲ್ಕು ಜನ. ಯಾರೂ ಜಾಸ್ತಿ ತಿನ್ನುವವರಲ್ಲ. ಆದರೂ ಯಜಮಾನರಿಗೆ ಹೊಟ್ಟೆ, ನನಗೆ ಮಂಡಿನೋವು, ಮಗಳು ಎಂಟನೇ ಕ್ಲಾಸಿಗೇ 58 ಕೆಜಿ. ಎಲ್ಲಿಂದ ಬರುತ್ತಿದೆ ಅಂತ ತಲೆ ಕೆಡಿಸಿಕೊಂಡಿದ್ದೆ.

ಒಂದು ದಿನ ಎಣ್ಣೆ ಪಾಕೆಟ್ ಒಡೆಯುವಾಗ ಅದರ ಮೇಲೆ ಪೆನ್ನಿನಲ್ಲಿ ತಾರೀಖು ಬರೆದೆ. ಮುಂದಿನದಕ್ಕೂ ಬರೆದೆ. ಖಾಲಿ ಪಾಕೆಟುಗಳನ್ನು ಬಿಸಾಡದೆ ಸಿಂಕಿನ ಕೆಳಗೆ ಇಟ್ಟೆ. ತಿಂಗಳ ಕೊನೆಗೆ ಎಣಿಸಿದರೆ ಐದು. ಐದು ಲೀಟರ್! ನಾಲ್ಕು ಜನಕ್ಕೆ ಹಂಚಿದರೆ ಒಬ್ಬರಿಗೆ ದಿನಕ್ಕೆ 40 ಎಂಎಲ್ ಮೇಲೆ. ನಾನು ಯಾವತ್ತೂ ಸೌಟಿನಿಂದ ಸುರಿದಿಲ್ಲ ಕಣ್ರೀ, ಪಾಕೆಟಿನ ಮೂಲೆ ಕತ್ತರಿಸಿ ಬಾಣಲೆಗೆ ಸುರಿಯುತ್ತಿದ್ದೆ. ಅದೇ ತಪ್ಪು. ಮೂಲೆಗೆ ಅಳತೆ ಇಲ್ಲ.

ಈಗ ಎಣ್ಣೆ ಸಣ್ಣ ಸ್ಟೀಲ್ ಜಗ್ಗಿನಲ್ಲಿ, ಜೊತೆಗೆ ಒಂದು ಟೀ ಚಮಚ. ಒಗ್ಗರಣೆಗೆ ಎರಡು ಚಮಚ, ಪಲ್ಯಕ್ಕೆ ಎರಡು. ಚಿತ್ರಾನ್ನಕ್ಕೆ ಮಾತ್ರ ಮನಸ್ಸು ತಡೆಯಲ್ಲ, ನಾಲ್ಕು. ಕರಿದ ತಿಂಡಿ ಭಾನುವಾರ. ಈಗ ತಿಂಗಳಿಗೆ ಮೂರು ಲೀಟರಿಗೆ ಬಂದಿದೆ. ಮೊದಲ ವಾರ ಯಜಮಾನರು "ಪಲ್ಯ ಒಣಗಿದೆ" ಅಂದರು. ಎರಡನೇ ವಾರ ಏನೂ ಅನ್ನಲಿಲ್ಲ. ಹತ್ತು ತಿಂಗಳಲ್ಲಿ ಅವರು 5 ಕೆಜಿ ಇಳಿದಿದ್ದಾರೆ. ನಾನು 3. ಮಗಳನ್ನು ತೂಕಕ್ಕೆ ನಿಲ್ಲಿಸುವುದೇ ಬಿಟ್ಟಿದ್ದೇನೆ. ಅವಳು ಬೆಳೆಯುವ ಹುಡುಗಿ, ಎತ್ತರ ಆಗುತ್ತಿದ್ದಾಳೆ, ಅಷ್ಟು ಸಾಕು.

ರೈಟರೇ, ನಿಮ್ಮೊಬ್ಬರಿಗೆ ಬೇರೆ ಅಡುಗೆ ಮಾಡಿಸಬೇಡಿ. ಮನೆಯ ಬಾಣಲೆ ಬದಲಾಗದೆ ಒಬ್ಬರ ತಟ್ಟೆ ಬದಲಾದರೆ ಅದು ಹದಿನೈದು ದಿನದ ಆಟ.

ಆಸ್ಪತ್ರೆ ಡಯಟಿಷಿಯನ್
ಜೂನ್ 6

ಅಕ್ಕ, ಈ ಪೆನ್ನಿನ ಉಪಾಯವನ್ನು ನಾಳೆಯಿಂದ ನಾನೂ ಹೇಳುತ್ತೇನೆ. ಎಣ್ಣೆ ಯಾವುದಾದರೂ ಸರಿ, ಗ್ರಾಮಿಗೆ 9 ಕ್ಯಾಲರಿ. ಕಡ್ಲೆಕಾಯಿ ಎಣ್ಣೆ, ಸೂರ್ಯಕಾಂತಿ, ಗಾಣದ ಎಣ್ಣೆ, ಲೀಟರಿಗೆ ಸಾವಿರ ರೂಪಾಯಿಯ ಆಲಿವ್ ಎಣ್ಣೆ, ಎಲ್ಲಕ್ಕೂ ಒಂದೇ ಲೆಕ್ಕ. ಐದರಿಂದ ಮೂರು ಲೀಟರಿಗೆ ಇಳಿದದ್ದು ಒಬ್ಬೊಬ್ಬರಿಗೆ ದಿನಕ್ಕೆ 130 ಕ್ಯಾಲರಿ ಮೇಲೆ ಉಳಿತಾಯ. ಮಗಳ ವಿಷಯದಲ್ಲಿ ನೀವು ಮಾಡಿದ್ದು ಸರಿ. ಮಕ್ಕಳಿಗೆ ಪಥ್ಯ ಹಾಕಬಾರದು.

ಕೋಲಾರ್ ಕಟ್ಟೆ
ಜೂನ್ 6

ಹಾಗಾದರೆ ತುಪ್ಪ? ಅದನ್ನೂ ಬಿಡಬೇಕಾ? ಬಿಸಿ ಮುದ್ದೆ ಮೇಲೆ ತುಪ್ಪ ಇಲ್ಲದಿದ್ದರೆ ನಾನು ಈ ಚರ್ಚೆ ಬಿಟ್ಟು ಹೋಗುತ್ತೇನೆ.

ಬಂಗಾರಪೇಟೆ ಅಕ್ಕ
ಜೂನ್ 6

ಒಂದು ಚಮಚ ಹಾಕಿಕೊಳ್ಳಿ, ಹೋಗಬೇಡಿ.

ಶ್ರೀನಿವಾಸಪುರದ ಸೊಸೆ
ಜೂನ್ 8

ನಾನು ಇಷ್ಟು ದಿನ ಓದುತ್ತಾ ಇದ್ದೆ. ಒಂದು ಮಾತು ಯಾರೂ ಹೇಳಲಿಲ್ಲ. ಮುದ್ದೆ ಜೊತೆಗೆ ಏನು ತಿನ್ನುತ್ತೀರಿ?

ನಮ್ಮ ಅತ್ತೆಗೆ 71. ಇವತ್ತಿಗೂ 52 ಕೆಜಿ. ಅವರ ತಟ್ಟೆ ನೋಡಿದರೆ ಅರ್ಥ ಆಗುತ್ತದೆ. ಮುದ್ದೆ ಸಣ್ಣದು, ಪಕ್ಕದಲ್ಲಿ ಸೊಪ್ಪಿನ ಪಲ್ಯ ಅದಕ್ಕಿಂತ ದೊಡ್ಡ ಗುಡ್ಡೆ. ವಾರದಲ್ಲಿ ನಾಲ್ಕು ದಿನ ಬಸ್ಸಾರು. ಹಿಂದಿನ ರಾತ್ರಿ ಹುರುಳಿಕಾಳು ನೆನೆಸುತ್ತಾರೆ. ಬೆಳಿಗ್ಗೆ ಬೇಯಿಸಿ, ಮುಕ್ಕಾಲು ಬೆಂದ ಮೇಲೆ ಸೊಪ್ಪು ಹಾಕುತ್ತಾರೆ. ದಂಟು ಇದ್ದರೆ ದಂಟು, ಇಲ್ಲದಿದ್ದರೆ ಬೆರಕೆ ಸೊಪ್ಪು. ಮಳೆ ಬಿದ್ದ ಮೇಲೆ ಹೊಲದ ಬದುವಿನಲ್ಲಿ ಅಣ್ಣೆ ಸೊಪ್ಪು, ಹೊನಗೊನೆ, ಕಿರಕೀರೆ, ಇನ್ನೂ ನನಗೆ ಹೆಸರು ಗೊತ್ತಿಲ್ಲದ್ದು ಸೆರಗಿನ ತುಂಬ ಕಿತ್ತು ತರುತ್ತಾರೆ. ಬೆಂದ ಮೇಲೆ ಕಟ್ಟು ಬಸಿದು ಪಕ್ಕಕ್ಕೆ. ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ, ಸುಟ್ಟ ಈರುಳ್ಳಿ, ಹುಣಸೆಹಣ್ಣು, ಅದರ ಜೊತೆ ಬೆಂದ ಕಾಳು ಸೊಪ್ಪು ಒಂದು ಹಿಡಿ ಹಾಕಿ ರುಬ್ಬಿ ಕಟ್ಟಿಗೆ ಕಲಸಿದರೆ ಸಾರು. ಉಳಿದ ಕಾಳು ಸೊಪ್ಪಿಗೆ ಒಂದು ಚಮಚ ಎಣ್ಣೆಯ ಒಗ್ಗರಣೆ. ಒಂದೇ ಪಾತ್ರೆಯಲ್ಲಿ ಸಾರೂ ಆಯಿತು, ಪಲ್ಯವೂ ಆಯಿತು.

ಅತ್ತೆ ಮೊದಲು ಪಲ್ಯ ಅರ್ಧ ತಿಂದು ಆಮೇಲೆ ಮುದ್ದೆ ಮುರಿಯುತ್ತಾರೆ. ಯಾಕೆ ಅಂದರೆ "ಮುದ್ದೆ ನುಂಗೋದು, ಬೇಗ ಹೋಗ್ಬಿಡುತ್ತೆ. ಪಲ್ಯ ಅಗಿಯೋದು, ಅದು ಹೊಟ್ಟೆಗೆ ಹೇಳುತ್ತೆ" ಅನ್ನುತ್ತಾರೆ. ನಮ್ಮ ಯಜಮಾನರಿಗೆ ಪಲ್ಯ ಅಂದರೆ ತಟ್ಟೆಯ ತುದಿಯಲ್ಲಿ ಉಪ್ಪಿನಕಾಯಿಯಷ್ಟು. ತೂಕ ಯಾರದು ಜಾಸ್ತಿ ಅಂತ ಬೇರೆ ಹೇಳಬೇಕಾ?

ಇನ್ನೊಂದು ವಿಷಯ, ಸ್ವಲ್ಪ ಖಾರವಾಗಿ. ಸೊಪ್ಪು ಸೋಸುವುದಕ್ಕೆ ಮುಕ್ಕಾಲು ಗಂಟೆ ಬೇಕು. "ಸೊಪ್ಪು ತಿನ್ನಬೇಕು" ಅಂತ ಗಂಡಸರು ಹೇಳುವುದು ಸುಲಭ. ಟೀವಿ ಮುಂದೆ ಕೂರುವಾಗ ಒಂದು ಕಟ್ಟು ನೀವೂ ಎಳೆದುಕೊಂಡು ಕೂರಿ.

ಆಸ್ಪತ್ರೆ ಡಯಟಿಷಿಯನ್
ಜೂನ್ 8

ನಿಮ್ಮ ಅತ್ತೆ ನನ್ನ ಕುರ್ಚಿಯಲ್ಲಿ ಕೂರಬಹುದು. ತಟ್ಟೆಯ ಅರ್ಧ ತರಕಾರಿ, ಸೊಪ್ಪು ಇರಲಿ ಅಂತ ನಾವು ಚಿತ್ರ ಬರೆದು ತೋರಿಸುತ್ತೇವೆ, ಅವರು ಬರೆಯದೆ ಮಾಡುತ್ತಿದ್ದಾರೆ. ಹುರುಳಿಯಲ್ಲಿ 100 ಗ್ರಾಮಿಗೆ 20 ಗ್ರಾಂ ಮೇಲೆ ಪ್ರೋಟೀನ್ ಇದೆ. ಪ್ರೋಟೀನ್, ನಾರು ಎರಡೂ ಇರುವ ಊಟ ಹೊಟ್ಟೆಯಲ್ಲಿ ಹೊತ್ತು ನಿಲ್ಲುತ್ತದೆ. ನಾಲ್ಕು ಗಂಟೆಗೆ ಬಜ್ಜಿ ನೆನಪಾಗುವುದಿಲ್ಲ.

ಕೆಜಿಎಫ್ ತಂಗಿ
ಜೂನ್ 9

ಎಲ್ಲರೂ ಇಳಿಸುವ ಮಾತೇ ಆಡುತ್ತಿದ್ದೀರಿ. ನನ್ನದು ಉಲ್ಟಾ. 24 ವರ್ಷ, 41 ಕೆಜಿ, ಎತ್ತರ 5 ಅಡಿ 3. ದಿನಾ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ಬರುತ್ತೇನೆ. ಬೆಳಿಗ್ಗೆ ತಿಂಡಿಗೆ ಟೈಮಿಲ್ಲ. ಎಲ್ಲರೂ "ನಿನಗೇನಮ್ಮ ಅದೃಷ್ಟ" ಅನ್ನುತ್ತಾರೆ. ಮೆಟ್ಟಿಲು ಹತ್ತಿದರೆ ತಲೆ ಸುತ್ತುತ್ತದೆ.

ಆಸ್ಪತ್ರೆ ಡಯಟಿಷಿಯನ್
ಜೂನ್ 9

ಅದೃಷ್ಟ ಅಲ್ಲಮ್ಮ. ನಿನ್ನ ಬಿಎಂಐ 16. 18.5ಕ್ಕಿಂತ ಕೆಳಗಿದ್ದರೆ ತೂಕ ಕಡಿಮೆ ಅಂತ ಅರ್ಥ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ ನೂರು ಹೆಂಗಸರಲ್ಲಿ 24 ಜನಕ್ಕೆ ತೂಕ ಜಾಸ್ತಿ ಇತ್ತು, 18ಕ್ಕೂ ಮೇಲೆ ಜನಕ್ಕೆ ಕಡಿಮೆ. ಒಂದೇ ಬೀದಿಯಲ್ಲಿ ಎರಡೂ ಇದೆ. ಮೊದಲು ಹಿಮೋಗ್ಲೋಬಿನ್, ಥೈರಾಯ್ಡ್ ಪರೀಕ್ಷೆ ಮಾಡಿಸು, ಡಾಕ್ಟರಿಗೆ ತೋರಿಸು. ಅಲ್ಲಿಯ ತನಕ ರೈಲಿಗೆ ಎರಡು ಬೇಯಿಸಿದ ಮೊಟ್ಟೆ, ಒಂದು ಬಾಳೆಹಣ್ಣು, ಒಂದು ಹಿಡಿ ಕಡ್ಲೆಬೀಜ ಕಟ್ಟಿಕೊಂಡು ಹೋಗು. ಸೀಟು ಸಿಗದಿದ್ದರೂ ನಿಂತುಕೊಂಡೇ ತಿನ್ನಬಹುದು.

ಕೆಜಿಎಫ್ ತಂಗಿ
ಜೂನ್ 9

ಸರಿ ಮೇಡಂ. ಮೊಟ್ಟೆ ಬಿಚ್ಚಿದರೆ ಬೋಗಿಯೆಲ್ಲಾ ನೋಡುತ್ತದೆ, ಆದರೂ ತಿನ್ನುತ್ತೇನೆ.

ಮಾವಿನ ತೋಪು
ಜೂನ್ 10

ಇದು ಮಾವಿನ ಕಾಲ. ನಮ್ಮ ಶ್ರೀನಿವಾಸಪುರದಲ್ಲಿ ಇದ್ದುಕೊಂಡು ಮಾವು ತಿನ್ನಬೇಡ ಅಂದರೆ ಹೇಗೆ?

ಆಸ್ಪತ್ರೆ ಡಯಟಿಷಿಯನ್
ಜೂನ್ 10

ತಿನ್ನಿ. ಹಣ್ಣಾಗಿ, ಒಂದು, ಊಟದ ಮೇಲೆ ಬೇಡ, ತಿಂಡಿಯ ಬದಲು. 100 ಗ್ರಾಂ ಮಾವಿನಲ್ಲಿ 60 ಕ್ಯಾಲರಿ ಆಸುಪಾಸು. ಶೀಕರಣೆ ಮಾಡಿ ಸಕ್ಕರೆ ಸುರಿದು ಆರು ಚಪಾತಿ ಅದ್ದಿದರೆ ತಪ್ಪು ಮಾವಿನದಲ್ಲ. ಸಕ್ಕರೆ ಕಾಯಿಲೆ ಇದ್ದವರು ಅರ್ಧ ಹಣ್ಣು, ತಮ್ಮ ಡಾಕ್ಟರನ್ನು ಕೇಳಿ. ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ಇಲ್ಲಿ ಓದಿ ಊಟ ಮಾತ್ರ ತಪ್ಪಿಸಬೇಡಿ, ಸಕ್ಕರೆ ಕುಸಿದರೆ ಅಪಾಯ.

ಮುಳಬಾಗಿಲು ದೋಸೆ
ಜೂನ್ 11

ಡಬ್ಬಿ ಪುಡಿ ಬಗ್ಗೆ ಏನಂತೀರಿ? ನಮ್ಮ ಬೀದಿಯಲ್ಲಿ ಬೆಳಿಗ್ಗೆ ಎಲ್ಲರೂ ಸೇರಿ ಕುಡಿಯುತ್ತಾರೆ. ಒಂದು ಹೊತ್ತು ಊಟದ ಬದಲು ಅದು.

ಬಂಗಾರಪೇಟೆ ಅಕ್ಕ
ಜೂನ್ 11

ನನ್ನ ತಂಗಿ ಮೂರು ತಿಂಗಳು ಕುಡಿದಳು. ಇಳಿದಳು. ದುಡ್ಡು ಮುಗಿಯಿತು, ಡಬ್ಬಿ ಮುಗಿಯಿತು, ತೂಕ ಬಂತು. ಈಗ ಆ ಡಬ್ಬಿಯಲ್ಲಿ ಹುಣಸೆಹಣ್ಣು ಹಾಕಿಟ್ಟಿದ್ದಾಳೆ. ಒಳ್ಳೆ ಗಟ್ಟಿ ಡಬ್ಬಿ.

ಮಂಡಿ ರೈಟರ್, ಕೋಲಾರ
ಜೂನ್ 14

ಎಲ್ಲರ ಮಾತನ್ನೂ ಹೆಂಡತಿಗೆ ಓದಿ ಹೇಳಿದೆ. ಸೊಪ್ಪು ಸೋಸುವ ಮಾತನ್ನು ಎರಡು ಸಲ ಓದಿಸಿದಳು.

ನಾವಿಬ್ಬರೂ ಕೂತು ನಾಲ್ಕು ವಿಷಯ ತೀರ್ಮಾನ ಮಾಡಿದ್ದೇವೆ. ಟೀಗೆ ಒಂದೇ ಚಮಚ ಸಕ್ಕರೆ, ಹತ್ತು ದಿನ ಆದ ಮೇಲೆ ಅರ್ಧ. ಲೋಟ ನಾಲ್ಕಕ್ಕಿಂತ ಜಾಸ್ತಿ ಇಲ್ಲ. ಮುದ್ದೆ ತಿಂದ ಹೊತ್ತು ಅನ್ನ ಬೇಕಾದರೆ ಒಂದೇ ಸೌಟು, ಮಜ್ಜಿಗೆಗೆ. ರಾತ್ರಿ ಊಟ ಎಂಟೂವರೆಗೆ, ಆಮೇಲೆ ಇಬ್ಬರೂ ಬೀದಿಯ ಕೊನೆಯ ತನಕ ಎರಡು ಸುತ್ತು. ಎಣ್ಣೆ ಪಾಕೆಟಿನ ಮೇಲೆ ತಾರೀಖು ಅವಳೇ ಬರೆದಳು. ಹತ್ತೂವರೆ ತಿಂಡಿಗೆ ಮನೆಯಿಂದ ಡಬ್ಬಿ. ಇದು ಐದನೆಯದು, ಲೆಕ್ಕ ಬರೆಯುವವನಿಗೇ ಲೆಕ್ಕ ತಪ್ಪಿತು.

ಹೋಟೆಲಿನ ಪೂರಿ ಬಿಡುವುದು ಕಷ್ಟ ಆಗಲಿಲ್ಲ. ಕಷ್ಟ ಆಗಿದ್ದು ಟೀ. ಮೊದಲ ದಿನ "ತಾತ, ಸಕ್ಕರೆ ಕಮ್ಮಿ" ಅಂದೆ. ತಾತ ಕ್ಯಾನ್ ಕೆಳಗಿಟ್ಟು ನನ್ನ ಮುಖ ನೋಡಿ, ಇಡೀ ಸಾಲಿಗೆ ಕೇಳುವ ಹಾಗೆ "ಏಮಪ್ಪಾ ರೈಟರೂ, ಶುಗರ್ ವಚ್ಚಿಂದಾ?" ಅಂದ. ಸಂಜೆಯ ಹೊತ್ತಿಗೆ ನನಗೆ ಶುಗರ್ ಇದೆ ಅಂತ ಮಂಡಿಯೆಲ್ಲಾ ಸುದ್ದಿ. ಒಬ್ಬರು ಹಾಗಲಕಾಯಿ ತಂದುಕೊಟ್ಟರು. ನಮ್ಮ ಊರಿನಲ್ಲಿ ಸಪ್ಪೆ ಟೀ ಕುಡಿಯಬೇಕಾದರೆ ಕಾಯಿಲೆ ಸರ್ಟಿಫಿಕೇಟ್ ಬೇಕು ಅಂತ ಕಾಣುತ್ತದೆ.

ಕೋಲಾರ್ ಕಟ್ಟೆ
ಜೂನ್ 14

ವಾಕಿಂಗಿಗೆ ಅಂತರಗಂಗೆಗೆ ಬನ್ನಿ ಅಣ್ಣ. ಭಾನುವಾರ ಬೆಳಿಗ್ಗೆ ಮೆಟ್ಟಿಲು ಹತ್ತೋಣ. ನಾನು ಮೇಲೆ ಹೋಗಿ ಕಡ್ಲೆಪುರಿ ತಿನ್ನುವುದು ನಿಜ, ಆದರೂ ಹತ್ತುತ್ತೇನಲ್ಲ.

ಆಸ್ಪತ್ರೆ ಡಯಟಿಷಿಯನ್
ಜೂನ್ 15

ಹತ್ತಿ, ನಿಧಾನಕ್ಕೆ. ವಾರಕ್ಕೆ 150 ನಿಮಿಷ ಬಿರುಸು ನಡಿಗೆ ಸಾಕು, ದಿನಕ್ಕೆ ಅರ್ಧ ಗಂಟೆ ಐದು ದಿನ. ಆದರೆ ಅರ್ಧ ಗಂಟೆ ನಡೆದು ಎರಡು ಬಜ್ಜಿ ತಿಂದರೆ ನಡೆದದ್ದು ಬಜ್ಜಿಗೆ ಆಯಿತು. ತೂಕ ವಾರಕ್ಕೆ ಒಂದೇ ಸಲ ನೋಡಿ, ಒಂದೇ ದಿನ, ಬೆಳಿಗ್ಗೆ, ಏನೂ ತಿನ್ನುವ ಮುಂಚೆ. ದಿನಾ ನೋಡಿದರೆ ನೀರಿನ ಏರಿಳಿತಕ್ಕೇ ಬೇಜಾರಾಗುತ್ತದೆ. ರಾತ್ರಿ ಬೇಗ ಮಲಗಿ. ಐದಕ್ಕೆ ಏಳುವವರು ಹನ್ನೊಂದಕ್ಕೆ ಮಲಗಿದರೆ ಮಾರನೇ ದಿನ ಹಸಿವು ಜಾಸ್ತಿ, ಟೀ ಜಾಸ್ತಿ.

ಶ್ರೀನಿವಾಸಪುರದ ಸೊಸೆ
ಜುಲೈ 28

ಏನಾಯಿತು ರೈಟರಣ್ಣ? ಸುದ್ದಿಯೇ ಇಲ್ಲ.

ಮಂಡಿ ರೈಟರ್, ಕೋಲಾರ
ಜುಲೈ 29

ಮಾಲು ಜೋರಾಗಿ ಬರುತ್ತಿದೆ ಅಕ್ಕ, ತಲೆ ಎತ್ತುವುದಕ್ಕೂ ಆಗುತ್ತಿಲ್ಲ. ಮೊದಲ ತಿಂಗಳು 2 ಕೆಜಿ ಇಳಿದೆ. ಜುಲೈನಲ್ಲಿ ಒಂದು ಗ್ರಾಮೂ ಇಲ್ಲ. ಎರಡು ಮದುವೆ, ಒಂದು ಗೃಹಪ್ರವೇಶ, ಒಂದು ಬೀಗರೂಟ. ಬೀಗರೂಟದಲ್ಲಿ ಮಾವನವರೇ ಪಕ್ಕದಲ್ಲಿ ನಿಂತು ಬಡಿಸಿದರು. ಎಲೆ ಮೇಲೆ ಕೈ ಅಡ್ಡ ಇಟ್ಟರೆ ಕೈ ಮೇಲೆ ಬಿತ್ತು. ಬಿಟ್ಟುಬಿಡೋಣ ಅನ್ನಿಸಿದೆ.

ಬಂಗಾರಪೇಟೆ ಅಕ್ಕ
ಜುಲೈ 29

ಏರಲಿಲ್ಲ ಅಲ್ವಾ? ನಾಲ್ಕು ಊಟ ಮಾಡಿಯೂ ಏರಲಿಲ್ಲ ಅಂದರೆ ಮಿಕ್ಕ ದಿನ ನಿಮ್ಮ ಮನೆ ಸರಿಯಾಗಿ ನಡೆದಿದೆ. ಬೀಗರೂಟಕ್ಕೆ ಒಂದು ಉಪಾಯ ಹೇಳುತ್ತೇನೆ. ಹಸಿದುಕೊಂಡು ಹೋಗಬೇಡಿ. ಎಲೆಯಲ್ಲಿ ಮುದ್ದೆ ಖಾಲಿ ಮಾಡಬೇಡಿ, ಸ್ವಲ್ಪ ಉಳಿಸಿಕೊಂಡೇ ಮಾತಾಡುತ್ತಾ ಕೂರಿ. ಖಾಲಿ ಎಲೆ ಕಂಡರೆ ತಾನೇ ಬಡಿಸುವವರು ಬರುವುದು?

ಆಸ್ಪತ್ರೆ ಡಯಟಿಷಿಯನ್
ಜುಲೈ 30

ಹೌದು. ಮಾರನೇ ದಿನ ಉಪವಾಸ ಮಾಡಬೇಡಿ. ಎಂದಿನ ಊಟ, ಎಂದಿನ ಅಳತೆ.

ಮಂಡಿ ರೈಟರ್, ಕೋಲಾರ
ಸೆಪ್ಟೆಂಬರ್ 20

ಈವತ್ತು ಬೆಳಿಗ್ಗೆ 78.6. ಹಬ್ಬದ ಕಡುಬು ತಿಂದ ಮೇಲಿನ ತೂಕ ಇದು. ನನ್ನ ಬಾಕ್ಸಿನಿಂದ ನಾಲ್ಕು ಕೆಜಿ ಮೇಲೆ ಟೊಮೆಟೊ ಕೆಳಗಿಟ್ಟೆ. ಖಾಲಿ ಹೊಟ್ಟೆ ಸಕ್ಕರೆ 101. ಡಾಕ್ಟರು "ಓಟ್ಸ್ ಕೆಲಸ ಮಾಡಿತು ನೋಡಿ" ಅಂದರು. ನಾನು ಹೌದು ಅಂದೆ. ಸುಮ್ನೆ ಯಾಕೆ ಬೇಜಾರು ಮಾಡುವುದು.

ಮುದ್ದೆ ಈಗ 310 ಗ್ರಾಂ, ಮೊನ್ನೆ ಮತ್ತೆ ತೂಗಿದೆ. ಈ ಸಲ ಹರಾಜಿಗೆ ಯಾರೂ ಕೂಗಲಿಲ್ಲ, ಮಾಲು ಸಣ್ಣದಂತೆ. ಎಣ್ಣೆ ನಾಲ್ಕರಿಂದ ಎರಡೂವರೆ ಲೀಟರಿಗೆ ಬಂದಿದೆ. ನಾನು ಏನೂ ಹೇಳದೆ ಹೆಂಡತಿಯೂ 2 ಕೆಜಿ ಇಳಿದಿದ್ದಾಳೆ. ಸೊಪ್ಪು ಸೋಸುವುದು ಮಂಗಳವಾರ, ಶುಕ್ರವಾರ ನನ್ನ ಪಾಳಿ. ದಂಟಿಗೂ ಕಳೆಗೂ ಇನ್ನೂ ವ್ಯತ್ಯಾಸ ಗೊತ್ತಾಗಲ್ಲ, ಬೈಸಿಕೊಳ್ಳುತ್ತೇನೆ.

ಟೀ ಮೂರಕ್ಕೆ ನಿಂತಿದೆ. ನಮ್ಮ ಸಾಲಿನಲ್ಲಿ ಈಗ ಐದು ಜನ ಸಕ್ಕರೆ ಕಮ್ಮಿ ಕೇಳುತ್ತಾರೆ. ತಾತ ಅದಕ್ಕೆ ಅಂತಲೇ ಬೇರೆ ಸಣ್ಣ ಕ್ಯಾನ್ ಮಾಡಿದ್ದಾನೆ. ರೇಟು ಮಾತ್ರ ಅಷ್ಟೇ. "ಸಕ್ಕರೆ ಉಳಿದ ದುಡ್ಡು ಎಲ್ಲಿ ತಾತ?" ಅಂದರೆ ಇನ್ನೊಂದು ಕ್ಯಾನ್ ಹೊರುವ ಕೂಲಿ ಅನ್ನುತ್ತಾನೆ.

ಉಡುದಾರ ಸಡಿಲ ಆಗಿದೆ. ಕತ್ತರಿಸಲಿಲ್ಲ, ಎರಡು ಗಂಟು ಜಾಸ್ತಿ ಹಾಕಿದ್ದೇವೆ.

ಕೆಜಿಎಫ್ ತಂಗಿ
ಸೆಪ್ಟೆಂಬರ್ 20

ನನ್ನದು 44 ಆಯಿತು ಅಣ್ಣ! ಹಿಮೋಗ್ಲೋಬಿನ್ 8.4 ಇತ್ತು, ಮಾತ್ರೆ ಕೊಟ್ಟಿದ್ದಾರೆ. ನಿಮ್ಮ ಬಾಕ್ಸಿನದು ಮೂರು ಕೆಜಿ ನನ್ನ ಹತ್ತಿರ ಇದೆ.

ಮುಳಬಾಗಿಲು ದೋಸೆ
ಸೆಪ್ಟೆಂಬರ್ 21

ಅಣ್ಣ, ಖುಷಿ ಆಯಿತು. ಭಾನುವಾರ ಮುಳಬಾಗಿಲಿಗೆ ಬನ್ನಿ. ಒಂದೇ ದೋಸೆ ತಿನ್ನೋಣ.

ಮಂಡಿ ರೈಟರ್, ಕೋಲಾರ
ಸೆಪ್ಟೆಂಬರ್ 21

ಒಂದೇನಾ?

ಮುಳಬಾಗಿಲು ದೋಸೆ
ಸೆಪ್ಟೆಂಬರ್ 21

ನಿಮಗೆ ಒಂದು.